ಹಿಂದಿನ ಬ್ರೇಕಿನ ಸೋಮಾರಿ ಪಿಸ್ಟನ್

ಸ್ರ್... ಸ್ರ್... ಸ್ರ್... ಮೂರು ವಾರ ನನ್ನ ಸೈಕಲ್ ಹೀಗೇ ಹಾಡುತ್ತಿತ್ತು. ಹಿಂದಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಉಜ್ಜುತ್ತಿತ್ತು. ಎಲ್ಲರೂ ಹೇಳುವ ಮದ್ದನ್ನೇ ನಾನೂ ಮಾಡಿದೆ. ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡುಗಳಿಂದ ಹಿಡಿಯುವ ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲ ಮಾಡು, ಲಿವರ್ ಒತ್ತಿ ಹಿಡಿ, ಹಿಡಿದ ಹಾಗೇ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಒಂದು ದಿನ ಸುಮ್ಮನಿರುತ್ತಿತ್ತು, ಮರುದಿನ ಮತ್ತೆ ಸ್ರ್.

ಇದನ್ನು ಏಳೆಂಟು ಸಲ ಮಾಡಿದ ಮೇಲೆ ನನಗೆ ಬುದ್ಧಿ ಬಂತು. ಅಲೆನ್ ಕೀ ಕೆಳಗಿಟ್ಟು, ಕ್ಯಾಲಿಪರ್ ಹಿಂದೆ ಒಂದು ಬಿಳಿ ಕಾಗದ ಹಿಡಿದು, ಲಿವರ್ ಒತ್ತುತ್ತಾ ಬಿಡುತ್ತಾ ಸಂದಿಯಲ್ಲಿ ಇಣುಕಿ ನೋಡಿದೆ. ಎಡಗಡೆ ಪ್ಯಾಡ್ ಮಾತ್ರ ಓಡಾಡುತ್ತಿತ್ತು. ಬಲಗಡೆಯದು ಕದಲುತ್ತಲೇ ಇರಲಿಲ್ಲ. ಎಡಗಡೆಯದು ಪಾಪ, ಡಿಸ್ಕನ್ನೇ ತಳ್ಳಿಕೊಂಡು ಹೋಗಿ ಅದಕ್ಕೆ ಒತ್ತುತ್ತಿತ್ತು.

ಒಂದೊಂದು ಪ್ಯಾಡನ್ನೂ ಹಿಂದಿನಿಂದ ತಳ್ಳುವುದು ಒಂದೊಂದು ಪಿಸ್ಟನ್. ಲಿವರ್ ಬಿಟ್ಟಾಗ ಈ ಪಿಸ್ಟನ್ ಹಿಂದಕ್ಕೆ ಹೋಗುವುದು ಹೇಗೆ ಅಂತ ಗೊತ್ತಾ? ಅದನ್ನು ಎಳೆಯೋಕೆ ಅಂತ ಒಳಗೆ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ, ಲಿವರ್ ಒತ್ತಿದಾಗ ಅದು ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ. ಒಂದು ಮಿಲಿಮೀಟರ್ ಕೂಡ ಇಲ್ಲದ ಆಟ. ಧೂಳು, ಪ್ಯಾಡಿನ ಪುಡಿ ಮೆತ್ತಿಕೊಂಡರೆ ಆ ಆಟ ಕೆಡುತ್ತದೆ.

ಚಕ್ರ ಬಿಚ್ಚಿ, ಪ್ಯಾಡ್ ಹೊರಗೆ ತೆಗೆದೆ. ಚುರುಕಾಗಿದ್ದ ಪಿಸ್ಟನ್ನನ್ನು ಪ್ಲಾಸ್ಟಿಕ್ ಟೈರ್ ಲಿವರಿನಿಂದ ಅದುಮಿ ಹಿಡಿದು, ಬ್ರೇಕ್ ಲಿವರನ್ನು ಮೆಲ್ಲಗೆ ಒತ್ತಿದೆ. ಸೋಮಾರಿ ಪಿಸ್ಟನ್ ಎರಡು ಮಿಲಿಮೀಟರಿನಷ್ಟು ಹೊರಬಂತು. ಇಲ್ಲಿ ಆತುರಪಡಬೇಡಿ, ಜಾಸ್ತಿ ಒತ್ತಿದರೆ ಪಿಸ್ಟನ್ ಪೂರ್ತಿ ಕಳಚಿ ಆಯಿಲ್ ಎಲ್ಲಾ ಚೆಲ್ಲುತ್ತದೆ, ಆಮೇಲೆ ಹೊಸ ಆಯಿಲ್ ತುಂಬಿ ಒಳಗಿನ ಗಾಳಿ ಹೊರಹಾಕುವ, ಅಂದರೆ ಬ್ಲೀಡಿಂಗ್ ಮಾಡುವ ಕೆಲಸ. ಅದರ ಬದಿಯಲ್ಲಿ ಕಪ್ಪು ಗಸಿ ಕಟ್ಟಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿದೆ. ನಾಲ್ಕು ಕಡ್ಡಿ ಕಪ್ಪಾದವು. ಆಮೇಲೆ ಒಂದೇ ಒಂದು ಹನಿ ಮಿನರಲ್ ಆಯಿಲ್ ಸವರಿ, ಹಿಂದಕ್ಕೆ ತಳ್ಳಿ, ಮತ್ತೆ ಹೊರಗೆ ತಂದು, ಹೀಗೆ ಐದಾರು ಸಲ. ನನ್ನ ಬ್ರೇಕಿನೊಳಗೆ ಇರುವುದು ಮಿನರಲ್ ಆಯಿಲ್, ಅದಕ್ಕೇ ಅದು. ನಿಮ್ಮದರಲ್ಲಿ ಡಾಟ್ ಫ್ಲೂಯಿಡ್ ಅನ್ನುವ ಇನ್ನೊಂದು ಬಗೆಯ ಬ್ರೇಕ್ ದ್ರವ ಇದ್ದರೆ ಅದನ್ನೇ ಹಾಕಿ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಸೀಲ್ ಹಾಳು.

ಹೆಚ್ಚಾದ ಆಯಿಲ್ ಪೂರ್ತಿ ಒರೆಸಿ ತೆಗೆಯಿರಿ. ಪ್ಯಾಡಿಗೆ ತಗುಲಿತೋ, ಬ್ರೇಕ್ ಹಿಡಿಯುವುದೂ ಇಲ್ಲ, ಕಿರುಚುವುದನ್ನು ಬಿಡುವುದೂ ಇಲ್ಲ. ಡಿಸ್ಕನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದೂ ಅದಕ್ಕೇ, ಬೆರಳಿನ ಜಿಡ್ಡು ಸಾಕು.

ಎರಡೂ ಪಿಸ್ಟನ್ ಒಳಗೆ ತಳ್ಳಿ, ಪ್ಯಾಡ್ ಹಾಕಿ, ಚಕ್ರ ಸರಿಯಾಗಿ ಕೂತಿದೆಯಾ ನೋಡಿ, ಲಿವರ್ ಗಟ್ಟಿಯಾಗುವ ತನಕ ಒತ್ತಿದೆ. ಆಮೇಲೆ ಅದೇ ಹಳೇ ಬೋಲ್ಟ್ ಮದ್ದು. ಈ ಸಲ ಒಂದೇ ಸಲಕ್ಕೆ ಸರಿಹೋಯಿತು.

ಹಾಂ, ಒಂದು ಸುತ್ತಿಗೆ ಒಂದು ಸಲ ಸಣ್ಣಗೆ ಟಿಕ್ ಅನ್ನುತ್ತದೆ. ಅದು ಪಿಸ್ಟನ್ ಅಲ್ಲ, ಡಿಸ್ಕ್ ಒಂದು ಕಡೆ ಕೂದಲೆಳೆಯಷ್ಟು ಬಾಗಿದೆ. ಓಡಿಸುವಾಗ ಕೇಳಿಸಲ್ಲ ಅಂತ ಸದ್ಯಕ್ಕೆ ಬಿಟ್ಟಿದ್ದೇನೆ.