ಕೆಐ-67: "20%ಗಿಂತ ಜಾಸ್ತಿ" ಅಂತ ಬರೆದು ಸೈನ್ ಮಾಡಿದ ಆ ರಿಪೋರ್ಟು

ಮುಂಬೈಲಿ ಪರೇಲ್ ಕಡೆ ಒಂದು ಲ್ಯಾಬಲ್ಲಿ ಪೆಥಾಲಜಿಸ್ಟ್ ನಾನು. ಇಂಡಿ ಕಡೆಯ ಒಬ್ಬ ಹಿರಿಯರ ಬಯಾಪ್ಸಿ ಬಂದಿತ್ತು, ಪ್ಯಾಂಕ್ರಿಯಾಸಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ (ಹಾರ್ಮೋನು ಮಾಡೋ ಜೀವಕೋಶಗಳಿಂದ ಹುಟ್ಟೋ ಕ್ಯಾನ್ಸರ್), ಲಿವರ್‌ಗೂ ಹರಡಿತ್ತು. ಕೆಐ-67 ಅಂದ್ರೆ ವಿಭಜನೆ ಆಗ್ತಿರೋ ಜೀವಕೋಶಗಳ ನ್ಯೂಕ್ಲಿಯಸ್ಸನ್ನ ಕಂದಾಗಿ ತೋರಿಸೋ ಪರೀಕ್ಷೆ, ನೂರಕ್ಕೆ ಎಷ್ಟು ಕಂದು ಅನ್ನೋದೇ ಅದರ ನಂಬರ್ರು. ಆ ಸ್ಲೈಡ್ ನೋಡಿ ಕಣ್ಣಂದಾಜಲ್ಲೇ "20%ಗಿಂತ ಜಾಸ್ತಿ, ಗ್ರೇಡ್ 3" ಅಂತ ಸೈನ್ ಮಾಡಿದೆ. ಸುಳ್ಳೇನಲ್ಲ, ಆದ್ರೆ ಅರ್ಧಂಬರ್ಧ.

ಮಾರನೇ ದಿನ ಆಂಕಾಲಜಿಸ್ಟ್ ಫೋನು, "ನಂಬರ್ ಎಷ್ಟು, ವೆಲ್ ಡಿಫರೆನ್ಶಿಯೇಟೆಡ್ಡಾ ಇಲ್ಲಾ ಕಾರ್ಸಿನೋಮಾನಾ? ಸಿಸ್ಪ್ಲಾಟಿನ್ ಶುರು ಮಾಡ್ಬೇಕು ಅಂತಿದೀವಿ." ಎದೆ ಧಸಕ್ಕಂತು. ವೆಲ್ ಡಿಫರೆನ್ಶಿಯೇಟೆಡ್ ಅಂದ್ರೆ ಜೀವಕೋಶಗಳು ಇನ್ನೂ ಮೂಲದ ಥರಾನೇ ಕಾಣೋ ಗಡ್ಡೆ, ಕಾರ್ಸಿನೋಮಾ ಅಂದ್ರೆ ಇಲ್ಲಿ ರೂಪಗೆಟ್ಟು ಜೋರಾಗಿ ಬೆಳೆಯೋದು, ಸಿಸ್ಪ್ಲಾಟಿನ್ ಒಂದು ಪ್ಲಾಟಿನಮ್ ಕೀಮೋ. ಯಾಕಂದ್ರೆ 25 ಆದ್ರೂ 20ಕ್ಕಿಂತ ಜಾಸ್ತಿನೇ, 90 ಆದ್ರೂ ಜಾಸ್ತಿನೇ, ಆದ್ರೆ ಔಷಧಿ ಬೇರೆಬೇರೆ. 2013ರ ನಾರ್ಡಿಕ್ ದೇಶಗಳ ಸ್ಟಡಿಲಿ ಕೆಐ-67 55%ಗಿಂತ ಕಮ್ಮಿ ಇದ್ದೋರಲ್ಲಿ ಪ್ಲಾಟಿನಮ್ ಕೀಮೋಗೆ ಗಡ್ಡೆ ಕುಗ್ಗಿದ್ದು 15% ಜನಕ್ಕೆ, ಅದಕ್ಕಿಂತ ಮೇಲಿದ್ದೋರಲ್ಲಿ 42%.

ಮತ್ತೆ ಕೂತೆ. ಅತಿ ಹೆಚ್ಚು ಕಂದು ಬಣ್ಣ ಹಿಡಿದ ಜಾಗದ ಫೋಟೋ ತೆಗೆದು, ಎ4 ಹಾಳೆ ಮೇಲೆ ಪ್ರಿಂಟ್ ಹಾಕಿ, ಒಂದೊಂದೇ ನ್ಯೂಕ್ಲಿಯಸ್ ಮೇಲೆ ಪೆನ್ನಲ್ಲಿ ಗೀಟು ಹಾಕ್ತಾ ಎಣಿಸಿದೆ, ಮಧ್ಯ ಮಧ್ಯ ಸಣ್ಣ ದುಂಡನೆ ಲಿಂಫೋಸೈಟುಗಳೂ ಕಂದಾಗಿರ್ತಾವೆ, ಅವನ್ನ ಸೇರಿಸಿದ್ರೆ ಲೆಕ್ಕ ಏರಿಬಿಡತ್ತೆ, ಹಂಗಾಗಿ ಅವನ್ನ ಬಿಟ್ಟು 1000 ಜೀವಕೋಶ ಎಣಿಸೋ ಹೊತ್ಗೆ ಕತ್ತು ಹಿಡ್ಕೊಂಡಿತ್ತು. 280 ಕಂದು. ಅಂದ್ರೆ 28%. ಆರ್‌ಬಿ ಪ್ರೋಟೀನ್ ಉಳ್ಕೊಂಡಿತ್ತು, ಪಿ53 ನಾರ್ಮಲ್ಲು (ಕಾರ್ಸಿನೋಮಾದಲ್ಲಿ ಈ ಎರಡು ಪ್ರೋಟೀನು ಹೆಚ್ಚಾಗಿ ಕೆಟ್ಟಿರ್ತಾವೆ), ಜೀವಕೋಶಗಳ ಜೋಡಣೆನೂ ನೀಟಾಗಿತ್ತು. ವೆಲ್ ಡಿಫರೆನ್ಶಿಯೇಟೆಡ್ ಜಿ3, ಕಾರ್ಸಿನೋಮಾ ಅಲ್ಲ.

ಎಮ್‌ಜಿಎಮ್‌ಟಿನೂ ಮಾಡ್ಸಿದ್ವಿ. ಟೆಮೊಝೋಲೊಮೈಡ್ ಅನ್ನೋ ಕೀಮೋ ಔಷಧಿ ಡಿಎನ್‌ಎಗೆ ಮಾಡೋ ಡ್ಯಾಮೇಜನ್ನ ರಿಪೇರಿ ಮಾಡೋ ಪ್ರೋಟೀನ್ ಅದು, ಕಮ್ಮಿ ಇದ್ರೆ ಔಷಧಿ ನಾಟೋ ಸಾಧ್ಯತೆ ಜಾಸ್ತಿ, ಅಮೆರಿಕದ ಇ2211 ಟ್ರಯಲಲ್ಲೂ ಹಂಗೇ ಕಂಡಿದೆ. ಇವರದು ಕಮ್ಮಿನೇ ಇತ್ತು. ಆದ್ರೆ ಅದೊಂದನ್ನೇ ನೋಡಿ ಕೊಡೋದು ಬಿಡೋದು ತೀರ್ಮಾನ ಮಾಡ್ಬಾರ್ದು ಅನ್ನೋದು ನನ್ನ ಮಾತು.

ಹೊಸ ರಿಪೋರ್ಟ್ ತಗೊಳ್ಳೋಕೆ ಮಗ ಬಂದಿದ್ದ. ನನ್ನ ಕನ್ನಡ ಕೇಳಿದ್ದೇ ಫೈಲಿಂದ ಕ್ರೋಮೋಗ್ರಾನಿನ್ (ಈ ಥರ ಗಡ್ಡೆಗೆ ರಕ್ತದಲ್ಲಿ ನೋಡೋ ಒಂದು ಗುರುತು) ಚೀಟಿ ತೆಗೆದು, "ಡಾಕ್ಟ್ರ, ಇದ್ ಇಷ್ಟ್ ಏರ್ಯಾದಲ್ರೀ, ಕೀಮೋ ಹತ್ತೂದಿಲ್ಲೇನ್ರೀ?" ಅಂದ. ಅಪ್ಪ ದಿನಾ ಪ್ಯಾಂಟೊಪ್ರಜೋಲ್ ತಗೋತಿದ್ರಂತೆ, ಅಸಿಡಿಟಿ ಗುಳಿಗೆಯಿಂದ್ಲೂ ಅದು ಏರತ್ತೆ, ಕೀಮೋ ಹತ್ತತ್ತಾ ಇಲ್ವಾ ಅದು ಹೇಳಲ್ಲ ಅಂತ ಬಿಡಿಸಿ ಹೇಳಿದೆ, ಡಾಕ್ಟ್ರಿಗೆ ಈ ಗುಳಿಗೆ ವಿಷಯ ತಿಳಿಸು ಅಂದೆ.

ಕೊನೆಗೆ ಕ್ಯಾಪೆಸಿಟಬೈನ್, ಟೆಮೊಝೋಲೊಮೈಡ್ ಶುರುವಾಯ್ತು. ಎರಡೂ ಬಾಯಲ್ಲಿ ನುಂಗೋವೇ. ಅವರು ಗುಳಿಗೆ ಕಟ್ಟಿಸ್ಕೊಂಡು ಊರಿಗೆ ಹೋದ್ರು.