ಕಾನೂನಿನ ಲೆಕ್ಕದಲ್ಲಿ ನನ್ನದು ಲಾರಿ

ಹೋದ ಚಳಿಗಾಲದಲ್ಲಿ ನನ್ನ ಹಳೇ ವೋಲ್ವೋ ವ್ಯಾಗನ್ ಮಾರಿದೆ. ವ್ಯಾಗನ್ ಅಂದರೆ ಚಾವಣಿ ಹಿಂದಿನ ತನಕ ಚಾಚಿ, ಸಾಮಾನಿಗೆ ಉದ್ದ ಜಾಗ ಇರುವ ಕಾರು. ಕೊಳ್ಳಲು ಬಂದ ಹುಡುಗ ಅಳತೆ ಟೇಪು ಹಿಡಿದುಕೊಂಡೇ ಬಂದಿದ್ದ. ಹಿಂದೆ ಎರಡು ಸೈಕಲ್ ಹಿಡಿಸಬೇಕಂತೆ. ಮುಂದಿನ ಚಕ್ರ ಬಿಚ್ಚಿ ಮಲಗಿಸಿದರೆ ಹಿಡಿಸುತ್ತದೆ, ನಾನೇ ಹಾಕಿ ಒಯ್ದಿದ್ದೇನೆ ಅಂದೆ. ಅವನು ಹೋದ ಮೇಲೆ ಸ್ವಲ್ಪ ಅಳು ಬಂತು, ಸುಳ್ಳೇಕೆ ಹೇಳಲಿ.

ಈ ಹುಚ್ಚು ಶುರುವಾದದ್ದು ತೀರ್ಥಹಳ್ಳಿಯಲ್ಲಿ. ಚಿಕ್ಕಪ್ಪನ ಹತ್ತಿರ ಟಾಟಾ ಎಸ್ಟೇಟ್ ಇತ್ತು, 1992ರಲ್ಲಿ ಬಂದ ಗಾಡಿ, ಅದೂ ವ್ಯಾಗನ್ನೇ. ಹಿಂದೆ ಅಡಿಕೆ ಮೂಟೆ, ಮೂಟೆಯ ಮೇಲೆ ನಾವು ಮಕ್ಕಳು. ಅಮೆರಿಕದ ಓಹಾಯೋಗೆ ಬಂದಾಗ ಇಂಥ ಗಾಡಿಗಳೇ ತುಂಬಿರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಎಲ್ಲ ಎಸ್‌ಯುವಿ.

ವ್ಯಾಗನ್‌ಗಳೆಲ್ಲ ಎಲ್ಲಿ ಹೋದವು ಅಂತ ಆಫೀಸಿನಲ್ಲಿ ಅರವತ್ತು ದಾಟಿದ ಒಬ್ಬರನ್ನು ಕೇಳಿದೆ. ಅವರ ಬಾಲ್ಯವೆಲ್ಲ ವ್ಯಾಗನ್‌ನ ಕೊನೇ ಸೀಟಿನಲ್ಲಿ ಕಳೆದಿತ್ತಂತೆ. ಹಿಂದಕ್ಕೆ ಮುಖ ಮಾಡಿದ ಸೀಟು, ಬಾಗಿಲ ಮೇಲೆ ಮರದಂತೆ ಕಾಣುವ ಸ್ಟಿಕರ್. "ಅದು ನಮ್ಮಮ್ಮನ ಗಾಡಿ" ಅಂತ ನಕ್ಕರು. ಅಮ್ಮನ ಗಾಡಿ ಯಾರಿಗೆ ಬೇಕು ಹೇಳಿ? 1983ರ ಕೊನೆಗೆ ಕ್ರೈಸ್ಲರ್ ಮಿನಿವ್ಯಾನ್ ಬಂತು, ಸಂಸಾರಸ್ಥರು ಅದಕ್ಕೆ ಹಾರಿದರು. ಆಮೇಲೆ ಅದೂ ಅಮ್ಮನ ಗಾಡಿಯಾಯಿತು.

ಆದರೆ ಬರೀ ನಾಚಿಕೆಯಿಂದ ಒಂದು ಗಾಡಿ ಸಾಯುವುದಿಲ್ಲ. 1973ರ ತೈಲ ಬಿಕ್ಕಟ್ಟಾದ ಮೇಲೆ, 1975ರಲ್ಲಿ ಮೈಲೇಜಿಗೆ ಕಾನೂನು ಬಂತು. ಕಂಪನಿ ಮಾರುವ ಕಾರುಗಳೆಲ್ಲ ಸೇರಿ ಸರಾಸರಿ ಇಷ್ಟು ಕೊಡಲೇಬೇಕು. 1985ಕ್ಕೆ ಅದು ಗ್ಯಾಲನ್ನಿಗೆ 27.5 ಮೈಲಿ. ಟ್ರಕ್ಕುಗಳಿಗೆ ಮಾತ್ರ ರಿಯಾಯಿತಿ, ರೈತರು ಕೆಲಸಗಾರರು ಓಡಿಸುವ ಗಾಡಿ ಪಾಪ ಅಂತ. 1996ರಲ್ಲೂ ಅವುಗಳಿಗೆ 20.7 ಸಾಕಾಗಿತ್ತು. ದೊಡ್ಡ ವ್ಯಾಗನ್ 'ಕಾರು', ಕಂಪನಿಯ ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಅದೇ ಐದು ಜನ, ಅದೇ ಸಾಮಾನು, ಟ್ರಕ್ಕಿನ ಚಾಸಿ ಮೇಲೆ ಕೂರಿಸಿ ಫೋರ್ಡ್ ಎಕ್ಸ್‌ಪ್ಲೋರರ್ ಅಂತ ಹೆಸರಿಟ್ಟರೆ 'ಟ್ರಕ್'. ಕಂಪನಿಯವರು ಯಾವುದನ್ನು ಮಾಡುತ್ತಾರೆ, ಯಾವುದಕ್ಕೆ ಜಾಹೀರಾತು ಸುರಿಯುತ್ತಾರೆ? ಬ್ಯೂಕ್ ರೋಡ್‌ಮಾಸ್ಟರ್, ಶೆವ್ರೊಲೆ ಕ್ಯಾಪ್ರಿಸ್‌ನಂಥ ಹಡಗು ವ್ಯಾಗನ್‌ಗಳು 1996ಕ್ಕೆ ಮುಗಿದವು.

ಇದನ್ನೆಲ್ಲ ನಾನು ಎಷ್ಟೋ ಊಟದ ಮನೆಗಳಲ್ಲಿ ವಾದಿಸಿದ್ದೇನೆ. ಗೆದ್ದಿದ್ದೇನೆ ಕೂಡ. ಸೋತದ್ದು ಅಮ್ಮನ ಮುಂದೆ.

ಆರು ತಿಂಗಳಿಗೆ ಅಂತ ಬಂದಿದ್ದಳು. ಎರಡೂ ಮಂಡಿ ನೋವು, ಮೇಲೆ ಸೀರೆ. ವೋಲ್ವೋದಲ್ಲಿ ಕೂರುವಾಗ ಧೊಪ್ಪೆಂದು ಬೀಳಬೇಕು, ಏಳುವಾಗ ನಾನು ಎರಡೂ ಕೈ ಹಿಡಿದು ಎಳೆಯಬೇಕು. "ನಿನ್ನ ಕಾರು ಬಾವಿ ಕಣೇ" ಅಂದಳು. ಒಂದು ಭಾನುವಾರ ಪಕ್ಕದ ಮನೆಯವರು ತಮ್ಮ ಎಸ್‌ಯುವಿಯಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿತ್ತು. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ, ಸುಮ್ನೆ ಪಕ್ಕಕ್ಕೆ ಜರುಗಿ ಕುಳಿತಳು. ದಾರಿಯುದ್ದಕ್ಕೂ ಹೊರಗೆ ನೋಡಿದಳಂತೆ. ನನ್ನ ಗಾಡಿಯಲ್ಲಿ ಕೂತರೆ ಕಾಣುವುದು ಮುಂದಿನವರ ಬಂಪರ್ ಮಾತ್ರ, ಸುತ್ತ ಎಲ್ಲರೂ ಎತ್ತರ ಅಲ್ವಾ!

ಕೊನೆಗೆ ಒಂದು ಸುಬಾರು ಔಟ್‌ಬ್ಯಾಕ್ ತಂದೆ. ಮೂಲದಲ್ಲಿ ಅದೂ ಸುಬಾರುವಿನದೇ ಲೆಗಸಿ ಅನ್ನುವ ಕಾರಿನ ವ್ಯಾಗನ್ನೇ. 2005ರ ಮಾಡೆಲ್‌ನಲ್ಲಿ ಟ್ರಕ್ಕಿನ ಪಟ್ಟಿಗೆ ಸೇರಲಿ ಅಂತಲೇ ಅದನ್ನು ನೆಲದಿಂದ ಇನ್ನೊಂದಿಷ್ಟು ಎತ್ತರಿಸಿದರು. ವಿಡಿಯೋ ಕಾಲ್‌ನಲ್ಲಿ ಚಿಕ್ಕಪ್ಪನಿಗೆ ಸುತ್ತಲೂ ತೋರಿಸಿದೆ. ಡಿಕ್ಕಿ ತೆಗೆ ಅಂದರು. ತೆಗೆದೆ. ಸ್ವಲ್ಪ ಹೊತ್ತು ನೋಡಿ, "ಆರು ಮೂಟೆ" ಅಂದರು.