ಟಂಡಿಶ್ ದಾಟಿದ ಬಿಸಿನೀರು ಎಲ್ಲಿಗೆ ಹೋಗುತ್ತದೆ? ಆರು ಫ್ಲಾಟ್‌ಗಳ ಪೈಪ್ ಹುಡುಕಾಟ

ಮೊದಲ ಶನಿವಾರ

ನಾನಿರುವುದು ಇಂಗ್ಲೆಂಡಿನ ಒಂದು ಮೂರಂತಸ್ತಿನ ಕಟ್ಟಡದಲ್ಲಿ. ಒಟ್ಟು ಆರು ಫ್ಲಾಟ್. ಪ್ರತಿ ಮನೆಯ ಕಬೋರ್ಡಿನಲ್ಲೂ 150 ಲೀಟರಿನ ಬಿಸಿನೀರಿನ ಸಿಲಿಂಡರ್ ಇದೆ. ದೊಡ್ಡ ಗೀಸರ್ ಅಂದುಕೊಳ್ಳಿ. ಇವು ಅನ್‌ವೆಂಟೆಡ್ ಜಾತಿಯವು. ಮೇಲೆ ತೆರೆದ ಟ್ಯಾಂಕ್ ಇಲ್ಲ, ನೀರು ಒತ್ತಡದಲ್ಲೇ ಒಳಗೆ ಕೂತಿರುತ್ತದೆ.

ಥರ್ಮೋಸ್ಟಾಟ್ ಕೈಕೊಟ್ಟರೆ ಕಟ್‌ಔಟ್ ಕರೆಂಟ್ ನಿಲ್ಲಿಸಬೇಕು. ಅದೂ ಕೈಕೊಟ್ಟರೆ 90–95 ಡಿಗ್ರಿಯಲ್ಲಿ ಸೇಫ್ಟಿ ವಾಲ್ವ್ ತೆರೆದುಕೊಂಡು ಸುಡುನೀರನ್ನು ಹೊರಗೆ ಬಿಡುತ್ತದೆ. ಬಿಡಲೇಬೇಕು. 3 ಬಾರ್ ಒತ್ತಡದಲ್ಲಿ ನೀರು ಕುದಿಯುವುದು 140 ಡಿಗ್ರಿ ದಾಟಿದ ಮೇಲೆ. ಅಷ್ಟು ಕಾದ ಟ್ಯಾಂಕ್ ಒಡೆದರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಉಬ್ಬುತ್ತದೆ, ಗೋಡೆಯನ್ನೇ ಕೆಡವಬಲ್ಲದು.

ವಾಲ್ವ್ ಸರಿಯಿದೆಯಾ ಅಂತ ವರ್ಷಕ್ಕೊಮ್ಮೆ ನೋಡುತ್ತಾರೆ. ಅದು ಬಿಟ್ಟ ನೀರಿನ ದಾರಿಯನ್ನು ಕೊನೆಯವರೆಗೂ ಯಾರೂ ನೋಡಿದ ಹಾಗಿಲ್ಲ. ಫ್ಲಾಟ್‌ನಲ್ಲಿ ನಮ್ಮ ನೆಲದ ಕೆಳಗೆ ಇನ್ನೊಬ್ಬರ ಮನೆ ಇದೆ ಅಲ್ವಾ? ಅದಕ್ಕೇ ಈ ಕೆಲಸ ಹಿಡಿದಿದ್ದೇನೆ.

ಎರಡನೇ ಶನಿವಾರ

ವಾಲ್ವ್ ಕೆಳಗೆ ಟಂಡಿಶ್ ಅಂತ ಒಂದು ಸಣ್ಣ ಆಲಿಕೆ ಇರುತ್ತದೆ. ಪಕ್ಕ ತೆರೆದಿರುತ್ತದೆ, ನೀರು ಬಿದ್ದರೆ ಕಣ್ಣಿಗೆ ಕಾಣಲಿ ಅಂತ. ಇಲ್ಲಿನ ಕಟ್ಟಡ ನಿಯಮದ ಜಿ3 ಭಾಗದ ಮಾರ್ಗದರ್ಶಿ ಪ್ರಕಾರ ವಾಲ್ವ್‌ನಿಂದ ಟಂಡಿಶ್‌ಗೆ 600 ಮಿಲಿಮೀಟರ್ ದಾಟಬಾರದು. ಅಲ್ಲಿಂದ ಕೆಳಗೆ ಮೊದಲ ಎಲ್ಬೋಗೆ (ಪೈಪ್ ತಿರುಗುವ ಮೂಲೆಯ ಜಾಯಿಂಟ್) ಮುಂಚೆ ಕನಿಷ್ಠ 300 ಮಿಲಿಮೀಟರ್ ನೇರ ಪೈಪ್ ಬೇಕು. ಇಲ್ಲದಿದ್ದರೆ ಜೋರಾಗಿ ಬಂದ ನೀರು ಟಂಡಿಶ್‌ನಿಂದಲೇ ಉಕ್ಕಿ ನೆಲಕ್ಕೆ ಚೆಲ್ಲಬಹುದು. ಟೇಪ್ ಹಿಡಿದು ಆರೂ ಮನೆ ಅಳೆದೆ. ಎಲ್ಲ ಸರಿ.

ಆಮೇಲೆ ಬಣ್ಣದ ಪರೀಕ್ಷೆ. ಒಂದು ಲೀಟರ್ ತಣ್ಣೀರಿಗೆ ಹಸಿರು ಬಣ್ಣ ಕಲಸಿ, ನಿಧಾನಕ್ಕೆ ಟಂಡಿಶ್‌ಗೆ ಸುರಿಯುವುದು. ಕೆಳಗೆ ಜಾಲರಿ ಹಾಕಿದ ಚರಂಡಿ ಬಾಯಿಯ ಹತ್ತಿರ ಒಬ್ಬರು ನಿಂತು ನೋಡುವುದು. ಐದು ಮನೆಗಳ ನೀರು ಒಂದೇ ತಾಮ್ರದ ಪೈಪಿನಲ್ಲಿ ಇಳಿದು ಬಂತು. ಒಂದು ಪೈಪ್‌ಗೆ ಆರು ಸಿಲಿಂಡರ್‌ವರೆಗೆ ಸೇರಿಸಬಹುದು. ಎಲ್ಲರ ನೀರು ಸೇರುವ ಆ ಪೈಪ್ ಒಂದೊಂದು ಮನೆಯ ಪೈಪ್‌ಗಿಂತ ಒಂದು ಸೈಜ್ ದೊಡ್ಡದಿರಬೇಕು. ಇಲ್ಲಿ 22 ಮಿಲಿಮೀಟರ್ ಪೈಪ್‌ಗಳು 28ರ ಪೈಪ್‌ಗೆ ಸೇರಿವೆ.

ಮೊದಲ ಮಹಡಿಯ ಹಿಂದಿನ ಮನೆಯ ನೀರು ಮಾತ್ರ ಬರಲೇ ಇಲ್ಲ.

ಸ್ನಾನದ ತೊಟ್ಟಿಯ ಪಕ್ಕದ ಹಲಗೆ ತೆಗೆದಾಗ ಗೊತ್ತಾಯಿತು. ಹಿಂದೆ ಯಾರೋ ಪ್ಲಂಬರ್ ಆ ಪೈಪನ್ನು ವಾಶ್‌ಬೇಸಿನ್ನಿನ ಪ್ಲಾಸ್ಟಿಕ್ ಪೈಪ್‌ಗೆ ಸೇರಿಸಿಬಿಟ್ಟಿದ್ದಾರೆ. ನನಗೆ ನಿಜಕ್ಕೂ ಭಯವಾಯಿತು. 95 ಡಿಗ್ರಿ ನೀರು ತುಂಬ ಹೊತ್ತು ಹರಿದರೆ ಆ ಪ್ಲಾಸ್ಟಿಕ್ ಮೆತ್ತಗಾಗಿ ಜಾಯಿಂಟ್ ಬಿಟ್ಟುಕೊಳ್ಳಬಹುದು. ಅದರ ಕೆಳಗೆ ಇರುವುದು ನೆಲಮಹಡಿಯ ಅಜ್ಜಿಯ ಬಚ್ಚಲು. ನೀರು ಬೇಸಿನ್ನಿಗೇ ಮೇಲೇರಿದರೆ ಅಲ್ಲಿ ಯಾವುದಾದರೂ ಮಗುವಿನ ಕೈ ಇರಬಹುದು. ಆ ಸಿಲಿಂಡರ್ ಅನ್ನು ಅಂದೇ ಆಫ್ ಮಾಡಿಸಿದೆವು.

ಮೂರನೇ ವಾರ

ಸುಮ್ನೆ ಹೊಸ ಪೈಪ್ ಎಳೆದರೆ ಆಗುವುದಿಲ್ಲ, ಲೆಕ್ಕ ಬೇಕು. ಅರ್ಧ ಇಂಚಿನ ವಾಲ್ವ್‌ಗೆ 22 ಮಿಲಿಮೀಟರ್ ಪೈಪ್ 9 ಮೀಟರ್‌ವರೆಗೆ ಸಾಕು. ಆದರೆ ಒಂದೊಂದು ಎಲ್ಬೋವನ್ನೂ 0.8 ಮೀಟರ್ ಉದ್ದ ಅಂತ ಲೆಕ್ಕಕ್ಕೆ ಹಿಡಿಯಬೇಕು. ಹಿಂಗೋಡೆ ದಾಟಿ ಕೆಳಗಿನ ಚರಂಡಿಗೆ ನಾನು ಗುರುತು ಹಾಕಿದ ದಾರಿ 5.5 ಮೀಟರ್, ಐದು ಎಲ್ಬೋ. ಒಟ್ಟು 9.5. ಅರ್ಧ ಮೀಟರ್ ಜಾಸ್ತಿ! 28ರ ಪೈಪ್ ಹಾಕಿದರೆ 18 ಮೀಟರ್‌ವರೆಗೆ ಅವಕಾಶವಿದೆ, ಆದರೆ ಕಿಟಕಿ ಪಕ್ಕ ಅಷ್ಟು ದಪ್ಪದ್ದು ಕೂರುವುದಿಲ್ಲ.

ಎರಡು ಸಂಜೆ ಕಾಗದದ ಮೇಲೆ ಗೀಚಿದೆ. ಗೋಡೆಯ ತೂತನ್ನು ಒಂದು ಗೇಣು ಎಡಕ್ಕೆ ಸರಿಸಿದರೆ ಒಂದು ಎಲ್ಬೋ ಉಳಿಯುತ್ತದೆ, ಉದ್ದ ಅಷ್ಟೇ ಇರುತ್ತದೆ. 5.5ಕ್ಕೆ 3.2 ಸೇರಿಸಿದರೆ 8.7. ಪಾಸ್! ಖುಷಿಗೆ ಪಕ್ಕದ ಮನೆಯವರನ್ನು ಕರೆದು ತೋರಿಸಿದೆ.

ಐದನೇ ಶನಿವಾರ

ಕಟ್ಟಡದ ಮಾಲೀಕರ ಒಪ್ಪಿಗೆ ಬರಲು ಹತ್ತು ದಿನ ಹಿಡಿಯಿತು. ಕೆಲಸ ಮಾಡಿದ್ದು ಜಿ3 ಅರ್ಹತೆ ಇರುವ ಪ್ಲಂಬರ್. ಇದನ್ನು ನಾವೇ ಮಾಡಲು ಹೋಗಬಾರದು. ಅವರು ನನ್ನ ಲೆಕ್ಕವನ್ನು ಮತ್ತೆ ಮಾಡಿ ನೋಡಿ ಒಪ್ಪಿದರು. ಅಡ್ಡ ಪೈಪ್ 3 ಮೀಟರ್, ಇಳಿಜಾರು 200ಕ್ಕೆ 1, ಅಂದರೆ 15 ಮಿಲಿಮೀಟರ್. ಪೂರ್ತಿ ತಾಮ್ರ. ತುದಿ ಜಾಲರಿಯ ಕೆಳಗೆ, ಆದರೆ ಚರಂಡಿ ಬಾಯಿಯೊಳಗೆ ನಿಂತ ನೀರಿಗಿಂತ ಮೇಲೆ. ಹಾಗಾಗಿ ಬಿಸಿನೀರು ಯಾರ ಕಾಲಿಗೂ ಸಿಡಿಯುವುದಿಲ್ಲ. ಬೇಸಿನ್ ಪೈಪಿನ ಹಳೆಯ ಜಾಯಿಂಟ್ ತೆಗೆದು ಮುಚ್ಚಿದರು.

ಸಂಜೆ ಮತ್ತೆ ಹಸಿರು ನೀರು ಸುರಿದೆ. ಕೆಳಗೆ ನಿಂತಿದ್ದ ಅಜ್ಜಿ "ಬಂತು, ಬಂತು" ಅಂತ ಕೂಗಿದರು.

ಆರೂ ಕಬೋರ್ಡಿನ ಬಾಗಿಲ ಒಳಗೆ ಪೈಪ್ ದಾರಿಯ ನಕ್ಷೆ ಅಂಟಿಸುತ್ತಿದ್ದೇನೆ. "ಈ ಪೈಪ್‌ಗೆ ಏನನ್ನೂ ಸೇರಿಸಬೇಡಿ" ಅಂತ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ನಾಲ್ಕು ಮುಗಿದಿವೆ, ಇನ್ನೆರಡು ಮನೆಯ ಬೀಗದ ಕೈ ಭಾನುವಾರ ಸಿಗುತ್ತದೆ.